ಹುಳದ ಮಾತ್ರೆ ತಗೊಂಡ್ರೆ ಮಗುವಿಗೆ ಹಾಲು ನಿಲ್ಲಿಸಬೇಕಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಮಾಡುವ ಮನೆ, ಎರಡು ಹಸುಗಳೂ ಇವೆ. ನನಗೆ 24 ವರ್ಷ, ಮಗಳಿಗೆ ಐದು ತಿಂಗಳು. ಇದುವರೆಗೂ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಹೋದ ವಾರ ನನ್ನ ಮಲದಲ್ಲಿ ಎರೆಹುಳದಷ್ಟು ಉದ್ದದ ಬಿಳಿ ಹುಳ ಬಿತ್ತು. ಮೆಡಿಕಲ್ ಶಾಪಿನವರು ಒಂದು ಮಾತ್ರೆ ಕೊಟ್ಟು, "ಇದನ್ನ ತಗೊಂಡ್ರೆ ಮೂರು ದಿನ ಮಗುಗೆ ಹಾಲು ಕೊಡಬೇಡಿ" ಅಂದರು. ನಮ್ಮತ್ತೆ, "ಹುಳ ಹಾಲಲ್ಲೇ ಮಗುಗೆ ಇಳಿಯುತ್ತೆ, ಈಗ್ಲೇ ನಿಲ್ಲಿಸು" ಅಂದರು. ಎರಡು ದಿನದಿಂದ ಹಸುವಿನ ಹಾಲಿಗೆ ನೀರು ಬೆರೆಸಿ ಬಾಟಲಲ್ಲಿ ಕೊಡುತ್ತಿದ್ದೇವೆ. ನಿನ್ನೆಯಿಂದ ಮಗುವಿಗೆ ಭೇದಿ ಶುರುವಾಗಿದೆ. ಮಾತ್ರೆ ನಾನಿನ್ನೂ ನುಂಗಿಲ್ಲ. ಮಗುವಿಗೂ ಹುಳದ ಔಷಧಿ ಹಾಕಬೇಕಾ? ನನಗೂ ಸುಸ್ತು ಜಾಸ್ತಿ.

ಉತ್ತರ: ಅಮ್ಮಾ, ಮೊದಲು ಮಗುವನ್ನು ಎದೆಗೆ ಹಾಕಿಕೊಳ್ಳಿ. ಉಳಿದದ್ದನ್ನು ಹಾಲು ಕುಡಿಸುತ್ತಲೇ ಓದಬಹುದು.

ನೀವು ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮ ಮಲದಲ್ಲಿ ಬಿದ್ದದ್ದು ಜಂತುಹುಳ. ಅದು ಎದೆಹಾಲಿನಲ್ಲಿ ಮಗುವಿಗೆ ಹೋಗುವುದಿಲ್ಲ. ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಒಂದನ್ನು ತೆಗೆದುಕೊಂಡರೆ ಹಾಲು ನಿಲ್ಲಿಸಬೇಕಾಗಿಲ್ಲ. ಮೂರು ದಿನ ಇರಲಿ, ಮೂರು ಗಂಟೆಯೂ ಬೇಡ. ಐದು ತಿಂಗಳ ಮಗುವಿಗೆ ಮನೆಯಲ್ಲಿ ಹುಳದ ಔಷಧಿ ಹಾಕಬೇಡಿ.

ಈಗ ಮಗುವಿನ ಭೇದಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಹುಳ ಅಲ್ಲ, ಆ ಬಾಟಲು. ಐದು ತಿಂಗಳು ಚೆನ್ನಾಗಿದ್ದ ಮಗುವಿಗೆ ಬಾಟಲು ಬಂದ ಎರಡನೇ ದಿನ ಭೇದಿ ಆಗಿದೆ, ಅಲ್ವಾ? ಒಮ್ಮೆ ಆ ನಿಪ್ಪಲನ್ನು ಒಳಗಿನಿಂದ ಹೊರಕ್ಕೆ ಮಗುಚಿ ನೋಡಿ. ತುದಿಯ ತೂತಿನ ಸುತ್ತ, ಮುಚ್ಚಳದ ತಿರುಪಿನ ಸಂದಿಯಲ್ಲಿ ಹಳದಿ ಬಣ್ಣದ ಜಿಡ್ಡು ಕೂತಿರುತ್ತದೆ. ಉಗುರಿನಲ್ಲಿ ಕೆರೆದರೆ ಲೋಳೆಯಂತೆ ಕೈಗೆ ಬರುತ್ತದೆ, ಹುಳಿ ವಾಸನೆ ಇರುತ್ತದೆ. ನಾನು ಮಕ್ಕಳನ್ನು ನೋಡುವ ಕಡೆ ತಾಯಂದಿರ ಚೀಲದಿಂದ ಬಾಟಲು ತೆಗೆಸಿ ಹೀಗೆ ತೋರಿಸುತ್ತೇನೆ. ಮನೆಯಲ್ಲಿ ಬಿಸಿನೀರಲ್ಲಿ ತೊಳೆದೇ ತಂದಿರುತ್ತಾರೆ, ಆದರೂ ಜಿಡ್ಡು ಇರುತ್ತದೆ. ಭೇದಿ ತರುವ ರೋಗಾಣುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾಗಿಲ್ಲ. ಹಸುವಿನ ಹಾಲಂತೂ ಒಂದು ವರ್ಷದೊಳಗಿನ ಮಗುವಿಗೆ ಮುಖ್ಯ ಆಹಾರ ಆಗಬಾರದು. ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಕೆಲವು ಮಕ್ಕಳಲ್ಲಿ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರುವ ಹಾಗೂ ಮಾಡುತ್ತದೆ. ನೀರು ಬೆರೆಸಿದರೆ ಇದ್ದ ಸತ್ವವೂ ಹೋಯಿತು.

ಮಗುವನ್ನು ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಓಆರ್‌ಎಸ್ ಎಷ್ಟು ಕೊಡಬೇಕು ಅಂತ ಅಲ್ಲಿ ತೂಕ ನೋಡಿ ಹೇಳುತ್ತಾರೆ. ಬಾಟಲಲ್ಲಿ ಅಲ್ಲ, ಚಮಚದಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿ. ಜೊತೆಗೆ ಜಿಂಕ್ ಮಾತ್ರೆ ಕೊಡುತ್ತಾರೆ. ನಿಮ್ಮ ಮಗುವಿನ ವಯಸ್ಸಿಗೆ ದಿನಕ್ಕೆ 10 ಮಿಲಿಗ್ರಾಂ, ಅಂದರೆ 20ರ ಮಾತ್ರೆಯಲ್ಲಿ ಅರ್ಧ, 14 ದಿನ. ಚಮಚಕ್ಕೆ ನಿಮ್ಮ ಹಾಲನ್ನೇ ಸ್ವಲ್ಪ ಹಿಂಡಿ, ಅದರಲ್ಲಿ ಕರಗಿಸಿ ಕುಡಿಸಿ. ಭೇದಿ ನಿಂತ ಮೇಲೂ 14 ದಿನ ಮುಗಿಸಬೇಕು. ಮಗುವಿನ ಕಣ್ಣು ಗುಳಿ ಬಿದ್ದರೆ, ನೆತ್ತಿ ಒಳಗೆ ಕುಸಿದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಎದೆಹಾಲನ್ನೂ ಚೀಪದೆ ಮಂಕಾಗಿ ಮಲಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಸುಮ್ನೆ ಹೇಳಿದ ಮಾತಲ್ಲ ಅದು. ಹಸು, ಎಮ್ಮೆ ಸಾಕಿದವರಿಗೆ ಗೊತ್ತು, ಕರು ಹುಟ್ಟಿದ ಕೆಲವೇ ದಿನಕ್ಕೆ ಪಶುವೈದ್ಯರು ಹುಳದ ಔಷಧಿ ಹಾಕುತ್ತಾರೆ. ಯಾಕೆಂದರೆ ಕರುಗಳಿಗೆ ಬರುವ ಒಂದು ಜಾತಿಯ ಹುಳದ ಮರಿಗಳು ನಿಜವಾಗಿಯೂ ತಾಯಿಯ ಹಾಲಿನಲ್ಲಿ ಇಳಿದು ಕರುವಿನ ಹೊಟ್ಟೆ ಸೇರುತ್ತವೆ. ನಾಯಿಮರಿಗಳಿಗೂ ಹೀಗಾಗುತ್ತದೆ. ಕೊಟ್ಟಿಗೆಯಲ್ಲಿ ಕಂಡದ್ದನ್ನು ಅತ್ತೆಯವರು ಮನೆಯೊಳಗೂ ಹಾಗೇ ಅಂದುಕೊಂಡಿದ್ದಾರೆ. ಆದರೆ ಮನುಷ್ಯರ ಜಂತುಹುಳ ಬೇರೆ ಜಾತಿ. ಅದರ ದಾರಿಯೂ ಬೇರೆ. ಈ ಮಾತನ್ನು ಅವರಿಗೆ ಓದಿ ಹೇಳಿ. ಅವರ ಅನುಭವ ಸುಳ್ಳಲ್ಲ, ಅದು ಕರುವಿನ ಮಟ್ಟಿಗೆ ನಿಜ.

ಜಂತುಹುಳದ ದಾರಿ ಹೀಗಿದೆ. ಹೆಣ್ಣುಹುಳ ಕರುಳಿನಲ್ಲಿ ದಿನಕ್ಕೆ 2 ಲಕ್ಷದವರೆಗೂ ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಮಲದಲ್ಲಿ ಹೊರಬರುತ್ತವೆ. ಬಂದ ತಕ್ಷಣ ಅವು ಯಾರಿಗೂ ಅಂಟುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಇದ್ದು ಮಾಗಬೇಕು. ಆಮೇಲೆ ಕೈ, ಸೊಪ್ಪು, ನೀರಿನ ಮೂಲಕ ಬಾಯಿಗೆ ಹೋದರೆ ಒಳಗೆ ಮರಿ ಒಡೆಯುತ್ತದೆ. ಮರಿ ರಕ್ತದಲ್ಲಿ ಹರಿದು ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಬಂದು, ಮತ್ತೆ ನುಂಗಿದಾಗ ಕರುಳು ಸೇರಿ ದೊಡ್ಡದಾಗುತ್ತದೆ. ಇಷ್ಟಕ್ಕೆ ಎರಡು ಮೂರು ತಿಂಗಳು ಬೇಕು. ಹಾಗಾಗಿ ನೀವು ಹೋದ ವಾರ ಕಂಡ ಹುಳ ಹೋದ ವಾರ ತಿಂದ ಬೆಲ್ಲದಿಂದಲೋ ಬಾಳೆಹಣ್ಣಿನಿಂದಲೋ ಬಂದದ್ದಲ್ಲ. ಅದು ಬಾಣಂತನದ ಹೊತ್ತಿಗೋ ಅದಕ್ಕೂ ಮುಂಚೆಯೋ ಒಳಗೆ ಸೇರಿದ್ದು.

ಕೊಕ್ಕೆಹುಳ ಅಂತ ಇನ್ನೊಂದಿದೆ. ಅದರ ಒಂದು ಜಾತಿ ಅಪರೂಪಕ್ಕೆ ತಾಯಿಯಿಂದ ಹಸುಗೂಸಿಗೆ ದಾಟಬಹುದೇನೋ ಎಂಬ ಅನುಮಾನ ವೈದ್ಯರಲ್ಲಿದೆ, ಅನುಮಾನವಾಗಿಯೇ ಉಳಿದಿದೆ. ಅದಕ್ಕಾಗಿ ಎದೆಹಾಲು ಬಿಡಿಸಬೇಕು ಅಂತ ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಎದೆಹಾಲು ಮಾಡುವುದು ಅದರ ಉಲ್ಟಾ ಕೆಲಸ. ಅದರಲ್ಲಿರುವ, ರೋಗಾಣು ತಡೆಯುವ ಪ್ರತಿಕಾಯಗಳು ಮಗುವಿನ ಕರುಳಿನ ಗೋಡೆಗೆ ಹೊದಿಕೆಯಂತೆ ಅಂಟಿ ಕೂರುತ್ತವೆ. ಭೇದಿ ತರುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿಯನ್ನು ಎದೆಹಾಲು ಕೊಲ್ಲುತ್ತದೆ ಅಂತ ಪ್ರಯೋಗಾಲಯದಲ್ಲೇ ನೋಡಿದ್ದಾರೆ. ಬರೀ ಎದೆಹಾಲು ಕುಡಿಯುವ ಮಗುವಿನ ಬಾಯಿಗೆ ಹೊರಗಿನ ನೀರೂ ಹೋಗುವುದಿಲ್ಲ, ಪಾತ್ರೆಯೂ ತಾಗುವುದಿಲ್ಲ. ಹುಳ ಬರುವ ದಾರಿಯೇ ಮುಚ್ಚಿರುತ್ತದೆ. ಹಾಲು ನಿಲ್ಲಿಸಿದ ದಿನವೇ ಆ ದಾರಿ ತೆರೆಯಿತು.

ಇನ್ನು ಮಾತ್ರೆ. ನೀವು ಹೆಸರು ಬರೆದಿಲ್ಲ. ಸ್ಟ್ರಿಪ್ಪಿನ ಹಿಂದೆ ಓದಿ ನೋಡಿ. ಹುಳಕ್ಕೆ ಸಾಮಾನ್ಯವಾಗಿ ಕೊಡುವುದು ಅಲ್ಬೆಂಡಜೋಲ್ 400. ಅದು ಕರುಳಿನಿಂದ ರಕ್ತಕ್ಕೆ ಸೇರುವುದೇ ಸ್ವಲ್ಪ. ಅದರಲ್ಲಿ ಹಾಲಿಗೆ ಬರುವುದು ಇನ್ನೂ ಕಡಿಮೆ. ಒಂದೇ ಸಲದ ಮಾತ್ರೆಗೆ ಹಾಲು ಕುಡಿಸುತ್ತಲೇ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಔಷಧಿ ಡಬ್ಬಿಯ ಚೀಟಿಯಲ್ಲಿ "ಹಾಲುಣಿಸುವ ತಾಯಂದಿರು ಎಚ್ಚರ ವಹಿಸಿ" ಎಂಬ ಸಾಲು ಇರುತ್ತದೆ. ಮೆಡಿಕಲ್ ಶಾಪಿನವರು ಅದನ್ನು ನೋಡಿ ಭಯಪಟ್ಟಿರಬಹುದು. ಅಲ್ಬೆಂಡಜೋಲ್ ಜೊತೆ ಐವರ್‌ಮೆಕ್ಟಿನ್ ಎಂಬ ಇನ್ನೊಂದು ಔಷಧಿ ಸೇರಿಸಿದ ಮಾತ್ರೆಯೂ ಅಂಗಡಿಗಳಲ್ಲಿ ಸಿಗುತ್ತದೆ. ನಿಮಗೆ ಕೊಟ್ಟದ್ದು ಅದಾದರೆ ವೈದ್ಯರನ್ನು ಕೇಳದೆ ನುಂಗಬೇಡಿ. ಜಂತುಹುಳಕ್ಕೆ ಬರೀ ಅಲ್ಬೆಂಡಜೋಲ್ ಸಾಕು. ಊಟ ಮಾಡಿ, ಮಾತ್ರೆಯನ್ನು ಚೆನ್ನಾಗಿ ಅಗಿದು ನುಂಗಿ. ಮಾರನೇ ದಿನ ಹುಳ ಬೀಳಲಿಲ್ಲ ಅಂತ ಇನ್ನೊಂದು ತಗೋಬೇಡಿ. ಸತ್ತ ಹುಳ ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ.

ಆದರೆ ಮಾತ್ರೆ ನುಂಗುವ ಮುಂಚೆ ಒಂದು ಮಾತು. ಇದನ್ನು ತಾಯಂದಿರಿಗೆ ಯಾರೂ ಕೇಳುವುದೇ ಇಲ್ಲ. ಹೆರಿಗೆ ಆದಮೇಲೆ ಮುಟ್ಟು ಶುರುವಾಗಿದೆಯಾ? ಹಾಲು ಕುಡಿಸುವಾಗ ಮುಟ್ಟು ಬಂದಿಲ್ಲ ಎಂದಮಾತ್ರಕ್ಕೆ ಬಸಿರಾಗಿಲ್ಲ ಅಂತ ಗ್ಯಾರಂಟಿ ಇಲ್ಲ. ಬಸಿರಿನ ಮೊದಲ ಮೂರು ತಿಂಗಳಲ್ಲಿ ಅಲ್ಬೆಂಡಜೋಲ್ ಕೊಡುವುದಿಲ್ಲ. ಸ್ವಲ್ಪ ಅನುಮಾನ ಇದ್ದರೂ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಪರೀಕ್ಷೆಯ ಕಿಟ್ ಸಿಗುತ್ತದೆ.

ಸುಸ್ತಿನ ವಿಷಯ ಹಗುರ ಮಾಡಬೇಡಿ. ನಿಮ್ಮ ಮನೆಯಲ್ಲಿ ಹಿಪ್ಪುನೇರಳೆ ತೋಟ ಇರಬೇಕು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ರೇಷ್ಮೆಹುಳಕ್ಕೆ ಸೊಪ್ಪು ಎಷ್ಟಿದ್ದರೂ ಸಾಲದು, ಮನೆಮಂದಿಯೆಲ್ಲ ತೋಟದಲ್ಲೇ ಇರುತ್ತೀರಿ. ಆ ತೋಟದ ನೆಲ ನೆನಪು ಮಾಡಿಕೊಳ್ಳಿ. ಗಿಡದ ನೆರಳು, ಮಣ್ಣಿನ ತೇವ, ಮೇಲೆ ತಿಪ್ಪೆಗೊಬ್ಬರ. ಕೊಕ್ಕೆಹುಳದ ಮರಿಗೆ ಬೇಕಾದ್ದು ಇದೇ. ಹತ್ತಿರದಲ್ಲಿ ಯಾರಾದರೂ ಬಯಲಿಗೆ ಕೂತಿದ್ದರೆ ಅಥವಾ ಮನುಷ್ಯರ ಮಲ ತಿಪ್ಪೆಗೆ ಸೇರಿದ್ದರೆ, ಆ ಮರಿಗಳು ಬರಿಗಾಲಿನ ಚರ್ಮ ತೂರಿಕೊಂಡೇ ಒಳಗೆ ಹೋಗುತ್ತವೆ. ಬಾಯಿಯ ದಾರಿ ಅವಕ್ಕೆ ಬೇಕಾಗಿಲ್ಲ. ಕಾಲ್ಬೆರಳ ಸಂದಿಯಲ್ಲಿ ಎರಡು ದಿನ ವಿಪರೀತ ನವೆ ಆಗಿ ಹೋಗುತ್ತದೆ, ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆಮೇಲೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ದೊಡ್ಡ ಜಾತಿಯ ಒಂದು ಹುಳ ದಿನಕ್ಕೆ 0.2 ಮಿಲಿಲೀಟರ್‌ವರೆಗೂ ರಕ್ತ ಹೀರಬಲ್ಲದು. ಒಂದು ಹುಳದ ಲೆಕ್ಕಕ್ಕೆ ಏನೂ ಅಲ್ಲ ಅನಿಸುತ್ತದೆ. ಐವತ್ತು ಹುಳ ಇದ್ದರೆ ದಿನಕ್ಕೆ 10 ಮಿಲಿಲೀಟರ್ ಆಯಿತು. ಬಸಿರು, ಹೆರಿಗೆಯ ರಕ್ತಸ್ರಾವ, ಈಗ ಬಾಣಂತನ, ಇವೆಲ್ಲದರ ಮೇಲೆ ಇದೂ ಸೇರಿದರೆ ಮೈಯಲ್ಲಿ ಏನು ಉಳಿಯುತ್ತದೆ? ಜಂತುಹುಳ ಕಣ್ಣಿಗೆ ಕಂಡು ಹೆದರಿಸುತ್ತದೆ. ಕೊಕ್ಕೆಹುಳ ಒಂದು ಸೆಂಟಿಮೀಟರ್ ಉದ್ದ ಅಷ್ಟೇ, ಅದು ಕಾಣುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯ ತಾಯಂದಿರಿಗೆ ಹೆಚ್ಚು ಹಾನಿ ಮಾಡುವುದು ಈ ಕಾಣದ ಹುಳವೇ. ಅದೇ ಅಲ್ಬೆಂಡಜೋಲ್ ಇದಕ್ಕೂ ಔಷಧಿ.

ಆಸ್ಪತ್ರೆಗೆ ಹೋದಾಗ ನಿಮ್ಮ ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಅರ್ಥ. ಹೆರಿಗೆ ಆದಮೇಲೆ 180 ದಿನ, ದಿನಕ್ಕೊಂದು ಕೆಂಪು ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇರುತ್ತದೆ, ಉಚಿತವಾಗಿ ಸಿಗುತ್ತದೆ. ಹೊಟ್ಟೆ ಉರಿಯುತ್ತೆ ಅಂತ ಎಷ್ಟೋ ತಾಯಂದಿರು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. ನಿಮ್ಮದೂ ಹಾಗೇ ಉಳಿದಿದ್ದರೆ ರಾತ್ರಿ ಊಟ ಆದಮೇಲೆ ತೆಗೆದುಕೊಂಡು ನೋಡಿ. ಕಾಫಿ, ಟೀ ಜೊತೆ ಬೇಡ, ಅವು ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ಮಲ ಕಪ್ಪಾದರೆ ಗಾಬರಿ ಬೇಡ. ಇನ್ನೊಂದು ಕೇಳಲೇಬೇಕು, ನಾಚಿಕೆ ಪಡಬೇಡಿ. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕು ಅನಿಸುತ್ತದಾ? ಇದು ಚಪಲ ಅಲ್ಲ, ಅನೇಕ ಸಲ ಮೈಯಲ್ಲಿ ಕಬ್ಬಿಣ ಇಲ್ಲದ್ದರ ಸೂಚನೆ. ಮಣ್ಣು ತಿಂದರೆ ಹುಳದ ಮೊಟ್ಟೆಯನ್ನೂ ತಿಂದ ಹಾಗೆ. ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ಹುಳ ಇದ್ದರೆ ಹಾಲು ಕಡಿಮೆ ಆಗುತ್ತದಾ ಅಂತಲೂ ಕೇಳುತ್ತಾರೆ. ಆಗುವುದಿಲ್ಲ. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಬರುತ್ತದೆ. ಸೊರಗುವುದು ತಾಯಿಯ ಮೈ.

ಮನೆಯಲ್ಲಿ ಏನು ಬದಲಾಗಬೇಕು? ರೇಷ್ಮೆ ಮನೆಯವರಿಗೆ ಇದನ್ನು ಹೇಳುವುದು ನನಗೆ ಸುಲಭ. ಹುಳದ ಮನೆಯೊಳಗೆ ಹೋಗುವ ಮುಂಚೆ ನೀವು ಕೈಕಾಲು ತೊಳೆಯುತ್ತೀರಿ. ಹೊರಗಿನ ಚಪ್ಪಲಿ ಒಳಗೆ ಹಾಕುವುದಿಲ್ಲ. ಯಾರಾದರೂ ಹಾಗೇ ನುಗ್ಗಿದರೆ ಬೈಯುತ್ತೀರಿ, ಯಾಕೆಂದರೆ ಹುಳಕ್ಕೆ ರೋಗ ತಗುಲಿದರೆ ಗೂಡು ಕೈಗೆ ಬರುವುದಿಲ್ಲ. ಅಷ್ಟೇ ಕಟ್ಟುನಿಟ್ಟು ಮಗುವಿನ ತೊಟ್ಟಿಲಿನ ಹತ್ತಿರವೂ ಇರಲಿ. ಸೊಪ್ಪು ಬಿಡಿಸಿ ಬಂದ ಕೈ ನೋಡಿಕೊಳ್ಳಿ. ಬೆರಳ ತುದಿ ಕಪ್ಪಾಗಿರುತ್ತದೆ, ಉಗುರಿನೊಳಗೆ ಮಣ್ಣು ಹೊಕ್ಕಿರುತ್ತದೆ. ಬರೀ ನೀರಲ್ಲಿ ತೊಳೆದರೆ ಆ ಮಣ್ಣು ಬರುವುದಿಲ್ಲ. ಉಗುರು ಕತ್ತರಿಸಿ, ಸೋಪು ಹಚ್ಚಿ, ಉಗುರುಗಳನ್ನು ಅಂಗೈಗೆ ಉಜ್ಜಿ ತೊಳೆಯಿರಿ. ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಶೌಚಕ್ಕೆ ಹೋಗಿ ಬಂದಮೇಲೆ, ಮಗುವಿನ ಕುಂಡಿ ತೊಳೆದ ಮೇಲೆ, ಅಡುಗೆಗೆ ಕೂರುವ ಮುಂಚೆ ಹೀಗೇ. ತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗಿ. ಕೆಸರಲ್ಲಿ ಜಾರುತ್ತೆ ಅಂದರೆ ಮುಚ್ಚಿದ ರಬ್ಬರ್ ಬೂಟು ಒಳ್ಳೆಯದು.

"ಹಸುಗೂಸಿನ ಹೇಲು ಏನೂ ಮಾಡಲ್ಲ" ಅಂತ ಬಟ್ಟೆ ತೊಳೆದ ನೀರನ್ನು ಹಿತ್ತಲಿಗೋ ತಿಪ್ಪೆಗೋ ಚೆಲ್ಲುವ ಅಭ್ಯಾಸ ನಮ್ಮಲ್ಲಿ ಬಹಳ. ಅದನ್ನೂ ಕಕ್ಕಸಿಗೇ ಸುರಿಯಿರಿ. ಮನೆಯಲ್ಲಿ ದೊಡ್ಡ ಮಗು ಇದ್ದರೆ ಅದರದ್ದು ಖಂಡಿತ. ಮಣ್ಣಿಗೆ ಬಿದ್ದ ಜಂತುಹುಳದ ಮೊಟ್ಟೆ ವರ್ಷಗಟ್ಟಲೆ ಸಾಯದೆ ಇರಬಲ್ಲದು.

ನೀರಿನ ಬಗ್ಗೆ ನಮ್ಮ ಎರಡು ಜಿಲ್ಲೆಗೆ ಸೇರಿದ ಮಾತು ಒಂದಿದೆ. ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಅದಕ್ಕೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತೀರಿ, ಸರಿ. ಆದರೆ ಆ ನೀರು ಮನೆಗೆ ಬಂದಮೇಲೆ ಕೆಡುತ್ತದೆ. ಬಿಂದಿಗೆಗೆ ಸುರಿದು, ಅದರೊಳಗೆ ಲೋಟ ಅದ್ದಿ, ಲೋಟದ ಜೊತೆ ಬೆರಳೂ ಅದ್ದಿದರೆ ಮುಗಿಯಿತು. ಉದ್ದ ಹಿಡಿಯ ಸೌಟು ಇಡಿ, ಅಥವಾ ನಲ್ಲಿ ಇರುವ ಡ್ರಮ್ ತನ್ನಿ. ಮಗುವಿಗೆ ಆರು ತಿಂಗಳಾದ ಮೇಲೆ ಕೊಡುವ ನೀರನ್ನು ಇದೇ ಶುದ್ಧ ನೀರು ಕುದಿಸಿ ಆರಿಸಿ ಕೊಡಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಈಗ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಏರಲಿ ಎಂದು ತುಂಬಿಸುವ ನೀರು. ಕೆರೆ ತುಂಬಿದ್ದು ನೋಡಿ ನನಗೂ ಸಂತೋಷ. ಆದರೆ ಕೊತ್ತಂಬರಿ, ಕ್ಯಾರೆಟ್, ಸೊಪ್ಪು ತೊಳೆಯಲು ಆ ನೀರು ಬಳಸಬೇಡಿ. ಹುಳದ ಮೊಟ್ಟೆಗೆ ಅಂಟು ಇರುತ್ತದೆ, ಉಪ್ಪುನೀರಲ್ಲಿ ನೆನೆಸಿದರೆ ಸಾಯುವುದಿಲ್ಲ. ಶುದ್ಧ ನೀರು ಸುರಿಯುತ್ತಾ ಎಲೆ ಎಲೆಯನ್ನೂ ಉಜ್ಜಿ ತೊಳೆಯಬೇಕು. ಬೇಯಿಸಿ ತಿನ್ನುವುದಕ್ಕೆ ಭಯವಿಲ್ಲ. ಕೋಸಂಬರಿಗೆ ಹಾಕುವ ಹಸಿ ಕ್ಯಾರೆಟ್ಟಿನ ಸಿಪ್ಪೆ ತೆಗೆಯಿರಿ.

ಮಗುವಿಗೆ ಮನೆಮದ್ದು ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಹುಳ ಸಾಯಲಿ ಎಂದು ಹಸುಗೂಸಿಗೆ ಬೇವಿನ ಎಣ್ಣೆ ಕುಡಿಸಿ, ಮಗುವಿಗೆ ಫಿಟ್ಸ್ ಬಂದು, ಮಿದುಳಿಗೆ ಪೆಟ್ಟಾಗಿ, ಜೀವವೇ ಹೋದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಕೆಲವೇ ಮಿಲಿಲೀಟರ್ ಸಾಕು ಅಷ್ಟು ಹಾನಿಗೆ. ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಸುವುದೂ ಬೇಡ. ಮೊದಲೇ ಭೇದಿ ಆಗಿರುವ ಮಗು ಅದು. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದನ್ನು ಅತ್ತೆಯವರು ಮಾಡುತ್ತಿದ್ದರೆ ಅದನ್ನೂ ನಿಲ್ಲಿಸಿ. ತೇಯುವ ಕಲ್ಲು, ತೇಯಲು ಹಾಕುವ ನೀರು, ನೆಕ್ಕಿಸುವ ಬೆರಳು, ಮೂರೂ ಮಗುವಿನ ಬಾಯಿಗೆ ಹೋಗುತ್ತವೆ. ಮಗು ಜೊಲ್ಲು ಸುರಿಸುವುದು, ಕೈ ಚೀಪುವುದು, ರಾತ್ರಿ ಅಳುವುದು, ಇವು ಯಾವುವೂ ಹುಳದ ಲಕ್ಷಣ ಅಲ್ಲ. ಐದು ತಿಂಗಳಿಗೆ ಎಲ್ಲ ಮಕ್ಕಳೂ ಹೀಗೇ. ಎದೆಹಾಲು ಕುಡಿಯುವ ಮಗುವಿನ ಮಲ ತೆಳ್ಳಗೆ ಹಳದಿಯಾಗಿ, ಎಳ್ಳು ಬೆರೆಸಿದ ಹಾಗೆ ಕಾಳು ಕಾಳಾಗಿರುವುದೂ ಸಹಜ. ಅದನ್ನು ಮರಿಹುಳ ಅಂದುಕೊಂಡು ಓಡಿಬಂದ ತಾಯಂದಿರನ್ನು ನಾನು ನೋಡಿದ್ದೇನೆ.

ಮುಂದೆ ಯಾವಾಗಲಾದರೂ ಮಲ ಪರೀಕ್ಷೆಯಲ್ಲಿ ಅಮೀಬಾ ಅಥವಾ ಜಿಯಾರ್ಡಿಯಾ ಅಂತ ಬಂದರೆ ಅದರ ಔಷಧಿ ಬೇರೆ. ಮೆಟ್ರೊನಿಡಜೋಲ್, ಟಿನಿಡಜೋಲ್ ಹಾಲಿಗೆ ಹೆಚ್ಚು ಇಳಿಯುತ್ತವೆ. ಹಾಲು ಕುಡಿಸುತ್ತಿದ್ದೇನೆ ಅಂತ ಮೊದಲೇ ಹೇಳಿದರೆ ವೈದ್ಯರು ಅದಕ್ಕೆ ತಕ್ಕ ಹಾಗೆ ಔಷಧಿ, ಪ್ರಮಾಣ ಬರೆಯುತ್ತಾರೆ. ಮನೆಯಲ್ಲಿ ಯಾರಿಗಾದರೂ ರಾತ್ರಿ ಗುದದ ಹತ್ತಿರ ನವೆ, ಬಿಳಿ ದಾರದ ಚೂರಿನಂಥ ಹುಳ ಕಂಡರೆ ಅದು ಇನ್ನೊಂದು ಜಾತಿ. ಅದಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಮಾತ್ರೆ ತೆಗೆದುಕೊಂಡು, ಎರಡು ವಾರ ಬಿಟ್ಟು ಮತ್ತೊಮ್ಮೆ ತೆಗೆದುಕೊಳ್ಳಬೇಕು. ನಿಮಗೆ ಹೊಟ್ಟೆ ಉಬ್ಬಿ, ನೋವು ತಡೆಯಲಾಗದೆ, ವಾಂತಿಯಲ್ಲಿ ಹುಳ ಬಂದರೆ ಮಾತ್ರೆಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ಹುಳಗಳು ಗಂಟು ಕಟ್ಟಿ ಕರುಳು ಮುಚ್ಚಿರಬಹುದು.

ಮಗಳಿಗೆ ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಿ, ಬಟ್ಟಲು ಚಮಚದಲ್ಲಿ. ಹೊಸದಾಗಿ ಮಾಡಿದ್ದು, ಬೆಳಿಗ್ಗೆ ಮಾಡಿದ್ದನ್ನು ಸಂಜೆಗೆ ಇಡಬೇಡಿ. ಎದೆಹಾಲು ಜೊತೆಗೆ ಇರಲಿ. ಹುಳದ ಔಷಧಿ ಅವಳಿಗೆ ಒಂದು ವರ್ಷ ತುಂಬಿದ ಮೇಲೆ. ಫೆಬ್ರವರಿ 10 ಮತ್ತು ಆಗಸ್ಟ್ 10, ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. 2015ರಿಂದ ನಡೆಯುತ್ತಿದೆ. 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಉಚಿತವಾಗಿ ಮಾತ್ರೆ ಕೊಡುತ್ತಾರೆ. ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ. ಎರಡು ಚಮಚದ ನಡುವೆ ಪುಡಿ ಮಾಡಿ ನೀರಲ್ಲಿ ಕಲಸಿ ಕುಡಿಸುತ್ತಾರೆ, ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಎರಡು ದಿನ ಕುಡಿಸದೆ ಇದ್ದದ್ದಕ್ಕೆ ನಿಮ್ಮ ಎದೆ ಗಟ್ಟಿಯಾಗಿ ನೋಯುತ್ತಿರಬಹುದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಐದು ನಿಮಿಷ ಇಟ್ಟು, ಕೈಯಿಂದ ಸ್ವಲ್ಪ ಹಾಲು ಹಿಂಡಿ ತೆಗೆದರೆ ತೊಟ್ಟು ಮೆತ್ತಗಾಗಿ ಮಗುವಿಗೆ ಬಾಯಿಗೆ ಸಿಗುತ್ತದೆ. ಒಂದು ಕಡೆ ಕೆಂಪಾಗಿ, ಚಳಿಜ್ವರ ಬಂದರೆ ವೈದ್ಯರಿಗೆ ತೋರಿಸಿ, ಆಗಲೂ ಹಾಲು ಕುಡಿಸುವುದು ನಿಲ್ಲಿಸಬೇಡಿ. ಹಾಲು ಕಡಿಮೆ ಆದಹಾಗೆ ಅನಿಸಿದರೆ ಹೆದರಬೇಡಿ. ಎರಡು ಗಂಟೆಗೊಮ್ಮೆ, ರಾತ್ರಿಯೂ, ಎರಡೂ ಕಡೆ ಚೀಪಿಸಿ. ಬಾಟಲಿಗೆ ಒಗ್ಗಿದ ಮಗು ಮೊದಲು ಹಟ ಮಾಡಬಹುದು. ಅರೆನಿದ್ದೆಯಲ್ಲಿರುವಾಗ ಎದೆಗೆ ಹಾಕಿಕೊಂಡರೆ ಒಪ್ಪಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಹಾಲು ಮೊದಲಿನ ಹಾಗೆ ಬರುತ್ತದೆ. ಈ ಮೂರು ದಿನ ಸೊಪ್ಪು ತರುವ ಕೆಲಸ ಮನೆಯ ಉಳಿದವರು ನೋಡಿಕೊಳ್ಳಲಿ. ಡಾಕ್ಟರು ಹೇಳಿದ್ದಾರೆ ಅಂತ ಹೇಳಿ.